ವೇಸರ: ಪಟ್ಟೆಕುದುರೆಯ ಮಿಶ್ರಸಂತಾನ

ದಾವಣಗೆರೆಯಿಂದ ಪಶ್ಚಿಮಕ್ಕೆ ಸುಮಾರು 14 ಕಿಲೋಮೀಟರು ಸಾಗಿ, ತುಂಗಭದ್ರೆಯ ದಡದ ಹರಿಹರವನ್ನು ಹೊಕ್ಕು, ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾಗಿದ್ದ ಪೊಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಗರ್ಭಗೃಹದೆದುರು ಕೈಮುಗಿದು ನಿಂತವರಿಗೆ, ಅಲ್ಲಿಯ ಮೂರ್ತಿಯ ರಚನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಲಭಾಗ ಹರ, ಎಡಭಾಗ ಹರಿ. ಹರಿಯಿಂದಾಗಲಿ ಹರನಿಂದಾಗಲಿ ತನಗೆ ಮರಣ ಬಾರದಿರಲೆಂದು ವರ ಪಡೆದಿದ್ದ ಗುಹಾಸುರನನ್ನು ಮರ್ದಿಸಲು ಅವರಿಬ್ಬರೂ ಕೂಡಿ ಒಂದೇ ಮೈಯಾಗಿ ಬಂದರೆಂದು ಸ್ಥಳಪುರಾಣವು ಹೇಳುತ್ತದೆ. ಆದರೆ ಒಂದಾದರೂ ಪಾಲು ಪಾಲಾಗಿಯೇ ಉಳಿದ ಮೈ ಅದು. ನೆತ್ತಿಯಿಂದ ಪಾದದವರೆಗೆ ನಟ್ಟನಡುವೆ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡರೆ, ಈ ಕಡೆಯದು ಇವನದು, ಆ ಕಡೆಯದು ಅವನದು ಎಂದು ಮಗುವೂ ಹೇಳಬಲ್ಲುದು.

ದೇವರನ್ನು ನೋಡಿಯಾದ ಮೇಲೆ ದೇವರ ಮನೆಯನ್ನೂ ನೋಡುವ ಅಭ್ಯಾಸವುಳ್ಳವರು ಹೊರಗೆ ಬಂದು, ನಯವಾಗಿ ತಿರುಗಣೆ ಹಿಡಿದ ಕಂಬಗಳನ್ನೂ ಮೂಲೆ ಮೂಲೆಯಾಗಿ ಮಡಿಯುತ್ತ ಸಾಗುವ ಮಂಟಪದ ಅಂಚನ್ನೂ ಪರಿಶೀಲಿಸಿದರೆ, ಅಲ್ಲಿ ಬೇರೊಂದು ಬಗೆಯ ಬೆರಕೆ ಗೋಚರವಾಗುತ್ತದೆ. ಶಿಲ್ಪಶಾಸ್ತ್ರಕಾರರು ದೇವಾಲಯಗಳನ್ನು ನಾಗರ, ದ್ರಾವಿಡ, ವೇಸರವೆಂದು ಮೂರಾಗಿ ವಿಂಗಡಿಸಿದರು. ಕಲ್ಯಾಣದ ಚಾಲುಕ್ಯರೂ ಅವರ ತರುವಾಯ ಹೊಯ್ಸಳರೂ ನಮ್ಮ ನಾಡಿನಲ್ಲಿ ಬೆಳೆಸಿದ, ಉತ್ತರ ದಕ್ಷಿಣಗಳೆರಡರ ಲಕ್ಷಣಗಳನ್ನೂ ಒಳಗೊಂಡ ಶೈಲಿಯನ್ನು ಅನೇಕ ವಿದ್ವಾಂಸರು ವೇಸರವೆಂದು ಕರೆಯುತ್ತಾರೆ. ಇಲ್ಲಿ ಗೆರೆಯೆಳೆದು ಪಾಲು ಹಂಚುವುದು ಸಾಧ್ಯವಿಲ್ಲ. ಎರಡು ಪರಂಪರೆಗಳೂ ಒಂದೊಂದು ಕಲ್ಲಿನಲ್ಲಿಯೂ ಹೊಕ್ಕು ಹಾಸಾಗಿ ಬೆರೆತು, ಎರಡರಲ್ಲಿಯೂ ಇಲ್ಲದ ಮೂರನೆಯದೊಂದು ರೂಪವನ್ನು ತಾಳಿವೆ. ಆ ವೇಸರವೆಂಬ ಶಬ್ದವನ್ನು ಸಂಸ್ಕೃತ ನಿಘಂಟಿನಲ್ಲಿ ಹುಡುಕಿದರೆ ದೊರೆಯುವ ಅರ್ಥವಾದರೋ ಶಿಲ್ಪಕ್ಕೆ ಸಂಬಂಧಪಟ್ಟುದೇ ಅಲ್ಲ. ಕತ್ತೆಗೂ ಕುದುರೆಗೂ ಹುಟ್ಟಿದ ಪ್ರಾಣಿ ಎಂದು ಅದರ ಅರ್ಥ. ನಮ್ಮ ಹೇಸರಗತ್ತೆಯ ‘ಹೇಸರ’ವೂ ಅದೇ ಶಬ್ದದ ಕನ್ನಡ ಬಂಧು.

ಈ ಅಧ್ಯಾಯದ ವಿಷಯ ಹೇಸರಗತ್ತೆಯ ದೂರದ ದಾಯಾದಿಗಳು: ಪಟ್ಟೆಕುದುರೆಯೆಂದು ನಾವು ಕರೆಯುವ ಜೀಬ್ರಾವು ಕುದುರೆಯೊಡನೆಯೋ ಕತ್ತೆಯೊಡನೆಯೋ ಕೂಡಿದಾಗ ಹುಟ್ಟುವ ಮರಿಗಳು. ಇವುಗಳಿಗೆ ಹೆಸರಿಡುವಾಗ ಇಂಗ್ಲಿಷರು ಒಂದು ಹೆಸರಿನ ತಲೆಯನ್ನು ಇನ್ನೊಂದರ ಬಾಲಕ್ಕೆ ಹೊಲಿದು, ಕುದುರೆಯ ಸಂಬಂಧದ್ದನ್ನು ಜೋರ್ಸ್ ಎಂದೂ ಕತ್ತೆಯ ಸಂಬಂಧದ್ದನ್ನು ಜಾಂಕಿ ಎಂದೂ ಕರೆದರು. ಹೆಸರೇನೋ ಹರಿಹರನ ಮೂರ್ತಿಯಂತೆ ಅರ್ಧ ಅರ್ಧವಾಯಿತು. ಪ್ರಾಣಿಯೂ ಹಾಗೆಯೇ ಇದೆಯೋ, ಅಥವಾ ಅದು ವೇಸರದ ದೇಗುಲದಂತೆ ಗೆರೆಯಿಲ್ಲದ ಬೆರಕೆಯೋ ಎಂಬುದೇ ನಮ್ಮ ಪ್ರಶ್ನೆ.

ಮಿಶ್ರಪ್ರಾಣಿಗಳ ವಿಚಾರ ನಮ್ಮವರಿಗೆ ಹೊಸದಲ್ಲ. ಛಾಂದೋಗ್ಯೋಪನಿಷತ್ತಿನಲ್ಲಿ ಜಾನಶ್ರುತಿಯು ರೈಕ್ವನಿಂದ ವಿದ್ಯೆಯನ್ನು ಬೇಡಲು ಹೋದಾಗ ಕಾಣಿಕೆಯಾಗಿ ಒಯ್ದುದು ಆರುನೂರು ಗೋವುಗಳನ್ನು, ಒಂದು ಕಂಠಹಾರವನ್ನು, ಹಾಗೂ ಹೇಸರಗತ್ತೆಗಳನ್ನು ಹೂಡಿದ ರಥವನ್ನು. ಹೇಸರಗತ್ತೆ ಬಂಜೆಯೆಂಬುದೂ ಅಂದಿನವರಿಗೆ ಚೆನ್ನಾಗಿ ತಿಳಿದಿತ್ತು. ತಿಳಿದುದಕ್ಕೆ ಕಾರಣವನ್ನು ಅವರು ತಮ್ಮದೇ ರೀತಿಯಲ್ಲಿ ಹುಡುಕಿದರು. ದೇವತೆಗಳು ಪಂದ್ಯ ಹೂಡಿದಾಗ ಅಗ್ನಿಯು ಹೇಸರಗತ್ತೆಗಳ ರಥವನ್ನೇರಿ ಓಡಿಸಿ, ಓಟದ ಭರದಲ್ಲಿ ಅವುಗಳ ಗರ್ಭವನ್ನು ಸುಟ್ಟನೆಂದೂ ಆದುದರಿಂದಲೇ ಅವು ಗರ್ಭ ಧರಿಸವೆಂದೂ ಐತರೇಯ ಬ್ರಾಹ್ಮಣದಲ್ಲಿ ಕಥೆಯುಂಟು. ಕುದುರೆಗೂ ತನ್ನ ಜಾತಿಗೂ, ಹೀಗೆ ಎರಡು ಕಡೆಗೆ ಬೀಜವೀಯುವ ಕತ್ತೆಯನ್ನು ಅದೇ ಗ್ರಂಥ ‘ದ್ವಿರೇತಸ್’ ಎನ್ನುತ್ತದೆ. ಕಾರಣ ಪುರಾಣದ್ದಾದರೂ ಕಣ್ಣು ಪರೀಕ್ಷಕನದು.

ಪಟ್ಟೆಕುದುರೆ ಮಾತ್ರ ನಮ್ಮ ದೇಶಕ್ಕೆ ಬಹುಕಾಲ ಅಪರಿಚಿತವಾಗಿಯೇ ಉಳಿಯಿತು. ಆಫ್ರಿಕದಿಂದ ಬಂದ ಒಂದು ಜೀಬ್ರಾವನ್ನು 1621ರಲ್ಲಿ ಜಹಾಂಗೀರ್ ಬಾದಷಹನಿಗೆ ಒಪ್ಪಿಸಿದಾಗ, ಯಾರೋ ಬಣ್ಣ ಬಳಿದು ಮೋಸ ಮಾಡಿರಬಹುದೆಂಬ ಶಂಕೆಯುಂಟಾಗಿ ಮೈಯನ್ನು ಪರೀಕ್ಷಿಸಿ ನೋಡಿದರೆಂದು ಬಾದಷಹನ ಆತ್ಮಕಥೆಯಿಂದಲೇ ತಿಳಿಯುತ್ತದೆ. ಅವನ ಆಸ್ಥಾನದ ಮನ್ಸೂರನು ಬರೆದ ಆ ಪ್ರಾಣಿಯ ಚಿತ್ರವು ಇಂದೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಇದಕ್ಕೆ ಪ್ರತಿಯಾಗಿ, ನಿಜವಾಗಿಯೇ ಬಣ್ಣ ಬಳಿದ ಕಥೆಯೊಂದೂ ಪ್ರಚಾರದಲ್ಲಿದೆ. ಬಂಗಾಳವನ್ನು ಕಂಪನಿಯ ವಶಕ್ಕೆ ತಂದ ರಾಬರ್ಟ್ ಕ್ಲೈವನು ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ಸಾಕಿದ್ದ ಹೆಣ್ಣು ಜೀಬ್ರಾವು ಗಂಡು ಕತ್ತೆಯನ್ನು ಹತ್ತಿರ ಸೇರಿಸದಿರಲು, ಕತ್ತೆಗೆ ಜೀಬ್ರಾದಂತೆ ಪಟ್ಟೆ ಬರೆಸಿ ಬಿಟ್ಟನಂತೆ. ಆ ಬಳಿಕ ಮರಿ ಹುಟ್ಟಿತಂತೆ.

ಇಂಥ ಕುತೂಹಲಗಳಿಂದ ಶಾಸ್ತ್ರಚರ್ಚೆಗೆ ಈ ವಿಷಯವನ್ನು ಏರಿಸಿದವನು ಸ್ಕಾಟ್ಲೆಂಡಿನ ಮಾರ್ಟನ್ ಪ್ರಭು. ಜೀಬ್ರಾದ ಒಳಪ್ರಭೇದವಾದ, ಮೈಯ ಮುಂಭಾಗದಲ್ಲಿ ಮಾತ್ರ ಸ್ಫುಟವಾದ ಪಟ್ಟೆಗಳಿದ್ದ ಕ್ವಾಗಾ ಎಂಬ ಪ್ರಾಣಿಯನ್ನು ಪಳಗಿಸಬೇಕೆಂಬುದು ಅವನ ಹಂಬಲ. ಗಂಡೊಂದೇ ದೊರೆತುದರಿಂದ ಅದನ್ನು ಅರಬ್ಬಿ ರಕ್ತದ ಕಂದುಬಣ್ಣದ ಹೆಣ್ಣುಕುದುರೆಯೊಡನೆ ಕೂಡಿಸಲು, ಒಂದು ಮಿಶ್ರಮರಿ ಹುಟ್ಟಿತು. ಅಲ್ಲಿಗೆ ಮುಗಿಯಬೇಕಾಗಿದ್ದ ಕಥೆ ಮುಂದುವರಿಯಿತು. ಅದೇ ಹೆಣ್ಣುಕುದುರೆ ಕೈಬದಲಾಗಿ, ಅನಂತರ ಶುದ್ಧ ಅರಬ್ಬಿ ಗಂಡಿನಿಂದ ಈದ ಮರಿಗಳ ಕಾಲುಗಳಲ್ಲಿಯೂ ಪಟ್ಟೆಗಳು ತೋರಿದುವು. ಮೊದಲ ಗಂಡಿನ ಗುಣವು ತಾಯಿಯ ಮೈಯಲ್ಲಿ ನಿಂತು ಮುಂದೆ ಬೇರೆ ತಂದೆಗೆ ಹುಟ್ಟುವ ಮರಿಗಳಿಗೂ ಅಂಟುತ್ತದೆಂಬ ತೀರ್ಮಾನಕ್ಕೆ ಜನ ಬಂದರು. 1820ರಲ್ಲಿ ಮಾರ್ಟನ್ನನು ಬರೆದ ಪತ್ರವು ಮರುವರ್ಷ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಗಿ, ಡಾರ್ವಿನ್ನನಂಥವನೂ ಅದನ್ನು ಗಂಭೀರವಾಗಿ ಉಲ್ಲೇಖಿಸುವಂತಾಯಿತು. ಕುದುರೆ ನಾಯಿಗಳ ತಳಿ ಸಾಕುವವರಲ್ಲಿ, ಒಮ್ಮೆ ‘ಕೆಟ್ಟ’ ಹೆಣ್ಣನ್ನು ಮತ್ತೆ ಬಳಸಕೂಡದೆಂಬ ಭೀತಿ ನೆಲೆಯೂರಿತು.

ಈ ಭೀತಿಯ ರುಚಿ ನಮಗೆ ಅಪರಿಚಿತವಲ್ಲ. ನಮ್ಮಲ್ಲಿ ಸಂಕರವೆಂಬ ಶಬ್ದಕ್ಕೆ ಬಹುಕಾಲದಿಂದ ಕಳಂಕದ ವಾಸನೆ ಹತ್ತಿದೆ. ಶಂಕರನು ಪೂಜ್ಯ, ಸಂಕರ ವರ್ಜ್ಯ. ದಾವಣಗೆರೆಯ ಸಂತೆಯಲ್ಲಿ ಇಂದಿಗೂ ಟೊಮೇಟೊ ಕೊಳ್ಳುವವರು ‘ಜವಾರಿ ಐತೇನು?’ ಎಂದು ಕೇಳಿ, ಹೈಬ್ರಿಡ್ ಎಂದು ಗೊತ್ತಾದರೆ ಮೂಗು ಮುರಿಯುತ್ತಾರೆ. ಅವರಲ್ಲೊಬ್ಬನಾದ ರೈತನೇ ಮುಂಗಾರಿಗೆ ಮುಂಚೆ ಬೀಜದಂಗಡಿಯೆದುರು ನಿಂತು ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನೇ ಕೇಳಿ ಪಡೆಯುತ್ತಾನೆ. ಆದಕಾರಣ ಕಳಂಕದ ಮಾತು ನಿಜವೋ ಸುಳ್ಳೋ ಎಂಬುದನ್ನು ಪ್ರಯೋಗದಿಂದಲೇ ನಿರ್ಣಯಿಸಬೇಕಾಗಿತ್ತು.

ಆ ಕೆಲಸಕ್ಕೆ ಕೈಹಾಕಿದವನು ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೇಮ್ಸ್ ಕೊಸರ್ ಯೂವರ್ಟ್. ಪೆನಿಕುಕ್ ಎಂಬ ಊರಿನ ತನ್ನ ನಿವಾಸದಲ್ಲಿ ಮಟೋಪೊ ಎಂಬ ಗಂಡು ಜೀಬ್ರಾವನ್ನು ಸಾಕಿ, ಬೇರೆ ಬೇರೆ ತಳಿಯ ಹೆಣ್ಣುಕುದುರೆಗಳೊಡನೆ ಕೂಡಿಸಿ, 1896ರ ಆಗಸ್ಟ್ 12ರಂದು ಮುಲಾಟೊ ಎಂಬ ತಟ್ಟುವಿನಲ್ಲಿ ಹುಟ್ಟಿದ ಮೊದಲ ಮರಿಗೆ ರೋಮ್ಯುಲಸ್ ಎಂದು ಹೆಸರಿಟ್ಟನು. ತರುವಾಯ ಅದೇ ಮುಲಾಟೊವನ್ನು ಅರಬ್ಬಿ ಕುದುರೆಗೆ ಕೂಡಿಸಿ, ಹುಟ್ಟಿದ ಮರಿಯನ್ನು ಪರೀಕ್ಷಿಸಿದನು. ಅಷ್ಟಕ್ಕೆ ತೃಪ್ತನಾಗದೆ, ಜೀಬ್ರಾದ ನೆರಳೂ ಸೋಕದ ಕುದುರೆಗಳ ಮರಿಗಳನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಿದನು. ಮಾರ್ಟನ್ನನು ಮಾಡದೆ ಬಿಟ್ಟದ್ದು ಈ ಎರಡನೆಯ ಕೆಲಸವನ್ನೇ. ಮಸುಕಾದ ಪಟ್ಟೆಗಳು ಜೀಬ್ರಾದ ಸಂಪರ್ಕವೇ ಇಲ್ಲದ ಮರಿಗಳಲ್ಲಿಯೂ ಕಾಣಿಸಿಕೊಂಡುವು. 1899ರಲ್ಲಿ ಪ್ರಕಟವಾದ ಅವನ ಗ್ರಂಥದೊಡನೆ ಕಳಂಕವಾದವು ವಿಜ್ಞಾನದಲ್ಲಿ ತನ್ನ ಆಧಾರವನ್ನು ಕಳೆದುಕೊಂಡಿತು. ತಾಯಿಯ ಮೈ ಹಳೆಯ ತಂದೆಯ ಲೆಕ್ಕವನ್ನು ಇಟ್ಟುಕೊಳ್ಳುವುದಿಲ್ಲ.

ಯೂವರ್ಟನಿಗೆ ಇನ್ನೊಂದು ಲೌಕಿಕವಾದ ಉದ್ದೇಶವೂ ಇತ್ತು, ಮತ್ತು ಅದರ ಎಳೆ ನಮ್ಮ ದೇಶದವರೆಗೆ ಚಾಚಿದೆ. ನಮ್ಮಲ್ಲಿ ಸೈನ್ಯವೆಂದರೆ ಮೊದಲು ನೆನಪಾಗುವುದು ಕುದುರೆ; ದಾವಣಗೆರೆಯೆಂಬ ಹೆಸರಿಗೂ, ಸೈನ್ಯದ ಕುದುರೆಗಳನ್ನು ಕೆರೆಯ ಬಳಿ ದಾವಣಿಗೆ ಕಟ್ಟುತ್ತಿದ್ದರೆಂಬ ಕಾರಣವನ್ನು ಕೆಲವರು ಹೇಳುವುದುಂಟು. ಆದರೆ ಕುದುರೆ ಬಯಲಿನ ಯುದ್ಧಕ್ಕೆ ಸರಿ; ಕಣಿವೆಗಳಲ್ಲಿ ಬಿಡಿಭಾಗಗಳಾಗಿ ಕಳಚಿದ ತೋಪನ್ನು ಹೊತ್ತೊಯ್ಯಲು ಬ್ರಿಟಿಷರ ಪರ್ವತ ಫಿರಂಗಿದಳಗಳಿಗೆ ಹೇಸರಗತ್ತೆಯೇ ಬೇಕಾಗಿತ್ತು. ಅದಕ್ಕಿಂತಲೂ ಗಟ್ಟಿಯಾದ, ಆಫ್ರಿಕದ ಕುದುರೆಗಳನ್ನು ಕೊಲ್ಲುವ ರೋಗಗಳನ್ನು ತಾಳಿಕೊಳ್ಳುವ ಹೊರೆಪ್ರಾಣಿಯನ್ನು ಜೀಬ್ರಾದಿಂದ ಪಡೆಯಬಹುದೆಂದು ಯೂವರ್ಟನು ಆಶಿಸಿ, ತನ್ನ ಎರಡು ಮಿಶ್ರಪ್ರಾಣಿಗಳನ್ನು ಭಾರತದ ಪರ್ವತ ಫಿರಂಗಿದಳದ ಕೆಲಸಕ್ಕಾಗಿ ಸರಕಾರಕ್ಕೆ ಒಪ್ಪಿಸಿದನು. ಹೇಸರಗತ್ತೆಯ ಪದವಿಯನ್ನು ಅವು ಕಸಿದುಕೊಳ್ಳಲಿಲ್ಲ. ಜೀಬ್ರಾದ ಬೆದರುವ, ಕಚ್ಚುವ ಸ್ವಭಾವ ಸಹಸ್ರಾರು ವರ್ಷಗಳ ಸಾಕಣೆಯಿಂದ ಮೆತ್ತಗಾದುದಲ್ಲ. ಅಷ್ಟರಲ್ಲಿ ಮೋಟಾರು ಗಾಡಿಯೂ ಬಂದಿತು.

ಇನ್ನು ರೋಮ್ಯುಲಸನ ಮೈಯನ್ನು ನೋಡೋಣ. ಹರಿಹರನ ನ್ಯಾಯದಂತಾದರೆ, ತಂದೆಯ ಪಟ್ಟೆಗಳಲ್ಲಿ ಅರ್ಧದಷ್ಟು ಮರಿಗೆ ಬರಬೇಕಾಗಿತ್ತು, ಅಥವಾ ಮೈಯ ಒಂದು ಪಾಲಿನಲ್ಲಿ ಮಾತ್ರ ಬರಬೇಕಾಗಿತ್ತು. ಆದುದು ಅದಕ್ಕೆ ವಿಪರೀತ: ಮರಿಯ ಪಟ್ಟೆಗಳು ತಂದೆಯವಕ್ಕಿಂತ ಕಿರಿದಾಗಿದ್ದುವು, ಸಂಖ್ಯೆಯಲ್ಲಿ ಹೆಚ್ಚಾಗಿದ್ದುವು! ಬಿಳಿಯ ಹಿನ್ನೆಲೆಗೆ ಬದಲಾಗಿ ಕುದುರೆಯ ಬಣ್ಣದ ಹಾಸು, ಅದರ ಮೇಲೆ ತಂದೆಯಲ್ಲಿಲ್ಲದ ಒತ್ತೊತ್ತಾದ ಗೆರೆಗಳ ಹೊಕ್ಕು.

ಪಟ್ಟೆಗಳಿಲ್ಲದ ತಾಯಿಯ ದೆಸೆಯಿಂದ ಪಟ್ಟೆಗಳು ಹೆಚ್ಚಾದುದು ಹೇಗೆ? ಇದಕ್ಕೆ ಒಪ್ಪುವ ವಿವರಣೆಯ ಬೀಜ ದೊರೆತುದು 1977ರಲ್ಲಿ. ಜೀಬ್ರಾಗಳಲ್ಲಿ ಮೂರು ಪ್ರಭೇದಗಳುಂಟು. ಮೈಯ ಒಂದು ಪಕ್ಕದಲ್ಲಿ ಬಯಲು ಜೀಬ್ರಾಕ್ಕೆ ಸುಮಾರು 26, ಬೆಟ್ಟದ ಜೀಬ್ರಾಕ್ಕೆ ಸುಮಾರು 43, ಗ್ರೇವಿ ಜೀಬ್ರಾಕ್ಕೆ ಸುಮಾರು 80 ಪಟ್ಟೆಗಳು. ಜೊನಾಥನ್ ಬಾರ್ಡ್ ಎಂಬ ವಿಜ್ಞಾನಿಯು ತೋರಿಸಿದುದೇನೆಂದರೆ, ಭ್ರೂಣದಲ್ಲಿ ಪಟ್ಟೆಗಳ ನಕಾಶೆ ಬೀಳುವಾಗ ಅವುಗಳ ನಡುವಣ ಅಂತರವು ಮೂರರಲ್ಲಿಯೂ ಒಂದೇ, ಸುಮಾರು 0.4 ಮಿಲಿಮೀಟರು, ಭೇದವಿರುವುದು ಮುಹೂರ್ತದಲ್ಲಿ. ಬಯಲು ಜೀಬ್ರಾದ ಭ್ರೂಣದಲ್ಲಿ ಮೂರನೆಯ ವಾರದ ಕೊನೆಗೆ, ಬೆಟ್ಟದ್ದರಲ್ಲಿ ನಾಲ್ಕನೆಯ ವಾರದಲ್ಲಿ, ಗ್ರೇವಿಯಲ್ಲಿ ಐದನೆಯ ವಾರದಲ್ಲಿ ನಕಾಶೆ ಬಿದ್ದರೆ ಈ ಸಂಖ್ಯೆಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಗೇಣುದ್ದದ ಬಟ್ಟೆಯ ಮೇಲೆ ಬೆರಳಿಗೊಂದರಂತೆ ಗೆರೆ ಎಳೆಯುವುದಕ್ಕೂ, ಅದೇ ಬಟ್ಟೆ ಮೊಳದುದ್ದವಾದ ಮೇಲೆ ಬೆರಳಿಗೊಂದರಂತೆಯೇ ಎಳೆಯುವುದಕ್ಕೂ ಇರುವ ವ್ಯತ್ಯಾಸವಿದು. ಮಿಶ್ರಮರಿಯಲ್ಲಿ ಕುದುರೆಯ ಬೆಳವಣಿಗೆಯ ಗತಿಯೂ ಜೀಬ್ರಾದ ನಕಾಶೆಯೂ ಒಂದೇ ಭ್ರೂಣದಲ್ಲಿ ಕೂಡಿ, ಆ ಮುಹೂರ್ತ ತುಸು ಮುಂದಕ್ಕೆ ಸರಿದರೂ ಸಾಕು, ಪಟ್ಟೆಗಳು ಹೆಚ್ಚುತ್ತವೆಯೆಂದು ಊಹಿಸಬಹುದು. ವಂಶದಿಂದ ಬರುವುದು ಪಟ್ಟೆಯಲ್ಲ, ಪಟ್ಟೆ ಹಾಕುವ ವಿಧಾನ.

ಹಾಗಾದರೆ ಹರಿಹರನಂತೆ ಪಾಲಾಗಿ ಕಾಣುವ ಮಿಶ್ರಪ್ರಾಣಿ ಇಲ್ಲವೇ ಇಲ್ಲವೆ? ಕಾಣುವುದಕ್ಕೆ ಒಂದುಂಟು. ಜರ್ಮನಿಯಲ್ಲಿ 2006ರಲ್ಲಿ ಜೀಬ್ರಾ ತಾಯಿಗೂ ಕುದುರೆ ತಂದೆಗೂ ಹುಟ್ಟಿದ ಎಕ್ಲೈಸ್ ಎಂಬ ಮರಿಯ ಮುಖದಲ್ಲಿಯೂ ಹಿಂಭಾಗದಲ್ಲಿಯೂ ಮಾತ್ರ ಪಟ್ಟೆಗಳಿದ್ದು, ಉಳಿದ ಮೈ ಅಚ್ಚ ಬಿಳುಪಾಗಿತ್ತು. ಎರಡು ಪ್ರಾಣಿಗಳನ್ನು ಕತ್ತರಿಸಿ ಜೋಡಿಸಿದಂತೆ ಅದರ ಛಾಯಾಚಿತ್ರಗಳು ಲೋಕವನ್ನು ಬೆರಗುಗೊಳಿಸಿದುವು. ಆದರೆ ಆ ಬಿಳುಪು ಕುದುರೆಗಳ ಕೆಲವು ವಂಶಗಳಲ್ಲಿ ಸಹಜವಾಗಿ ಬರುವ ಮಚ್ಚೆ. ಅಂಥ ಮಚ್ಚೆಯ ಚರ್ಮದಲ್ಲಿ ಬಣ್ಣ ತಯಾರಿಸುವ ಕಣಗಳೇ ಇರುವುದಿಲ್ಲವಾದ್ದರಿಂದ, ಲೇಖಕನಿದ್ದೂ ಮಸಿಯಿಲ್ಲದ ಹಾಳೆಯಂತೆ ಅದು ಖಾಲಿ ಉಳಿಯುತ್ತದೆ. ಕಣ್ಣಿಗೆ ಪಾಲಾಗಿ ಕಂಡರೂ ಆ ಪ್ರಾಣಿಯ ಒಂದೊಂದು ಜೀವಕಣದಲ್ಲಿಯೂ ತಾಯಿ ತಂದೆಗಳಿಬ್ಬರೂ ಇದ್ದಾರೆ.

ಜೀವಕಣದ ಮಾತು ಬಂದುದರಿಂದ, ಅಗ್ನಿಯು ಸುಟ್ಟ ಗರ್ಭದ ಪ್ರಶ್ನೆಗೆ ಹಿಂದಿರುಗಬಹುದು. ಪ್ರತಿಯೊಂದು ಜೀವಕಣದೊಳಗೂ ವಂಶದ ಬರಹವನ್ನು ಹೊತ್ತ ವರ್ಣತಂತುಗಳಿರುತ್ತವೆ. ಕುದುರೆಗೆ 64, ಕತ್ತೆಗೆ 62, ಗ್ರೇವಿ ಜೀಬ್ರಾಕ್ಕೆ 46, ಬಯಲು ಜೀಬ್ರಾಕ್ಕೆ 44, ಬೆಟ್ಟದ ಜೀಬ್ರಾಕ್ಕೆ 32. ಮರಿಯು ಇಬ್ಬರಿಂದಲೂ ಅರ್ಧರ್ಧವನ್ನು ಪಡೆಯುವುದರಿಂದ ಹೇಸರಗತ್ತೆಗೆ 63; ಬೆಸಸಂಖ್ಯೆಯಾದುದರಿಂದ ಜೋಡಿ ಕೂಡದೆ ಅದು ಬಂಜೆಯಾಯಿತೆಂದು ಎಷ್ಟೋ ಕಡೆ ಬರೆದಿರುತ್ತಾರೆ. ಈ ಸಮಾಧಾನ ಎಷ್ಟು ಸುಲಭವೋ ಅಷ್ಟೇ ಅಪೂರ್ಣ. ಬಯಲು ಜೀಬ್ರಾಕ್ಕೂ ಕುದುರೆಗೂ ಹುಟ್ಟಿದ ಮರಿಗೆ 54 ತಂತುಗಳು, ಸಮಸಂಖ್ಯೆಯಾದರೂ ಸಂತಾನಶಕ್ತಿಯಿಲ್ಲ. ಮಂಗೋಲಿಯದ ಪ್ರಝೆವಾಲ್ಸ್ಕಿ ಕಾಡುಕುದುರೆಗೆ 66 ತಂತುಗಳು. ಅದಕ್ಕೂ ಊರಕುದುರೆಗೂ ಹುಟ್ಟಿದ ಮರಿಗೆ 65, ಬೆಸಸಂಖ್ಯೆ. ಆದರೂ ಅದು ಮರಿ ಹಾಕಬಲ್ಲುದು!

ಒಂದೇ ಕಾವ್ಯವನ್ನು ಎರಡು ಮಠಗಳಲ್ಲಿ ಓಲೆಗರಿಯ ಮೇಲೆ ಪ್ರತಿಮಾಡಿ, ಒಂದು ಕಡೆ 33 ಕಟ್ಟುಗಳಾಗಿಯೂ ಇನ್ನೊಂದು ಕಡೆ ಎರಡು ಕಟ್ಟುಗಳನ್ನು ಒಂದೇ ದಾರದಲ್ಲಿ ಪೋಣಿಸಿ 32 ಕಟ್ಟುಗಳಾಗಿಯೂ ಇಟ್ಟಿದ್ದಾರೆಂದು ಭಾವಿಸೋಣ. ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಸಂಪಾದಕನಿಗೆ ಇದರಿಂದ ತೊಡಕಾಗದು. ದೊಡ್ಡ ಕಟ್ಟಿನ ಎದುರಿಗೆ ಎರಡು ಚಿಕ್ಕ ಕಟ್ಟುಗಳನ್ನಿಟ್ಟರೆ ಸಾಲಿಗೆ ಸಾಲು ಹೊಂದುತ್ತದೆ. ಕಾಡುಕುದುರೆಗೂ ಊರಕುದುರೆಗೂ ಇರುವ ಭೇದ ಇಷ್ಟೇ. ಜೀಬ್ರಾದ ಪ್ರತಿಯಲ್ಲಾದರೋ ಅನೇಕ ಕಟ್ಟುಗಳು ಕೂಡಿಹೋಗಿರುವುದಲ್ಲದೆ, ಸಂಧಿಗಳ ಅನುಕ್ರಮವೇ ಅಲ್ಲಲ್ಲಿ ಪಲ್ಲಟವಾಗಿದೆ. ಇಂಥ ಎರಡು ಪ್ರತಿಗಳನ್ನು ಇಟ್ಟುಕೊಂಡು ಮರಿಯ ಮೈ ದಿನದಿನದ ಕೆಲಸವನ್ನು ನಡೆಸಬಲ್ಲುದು, ಏಕೆಂದರೆ ಓದುವುದಕ್ಕೆ ಎರಡನ್ನೂ ಸರಿದೂಗಿಸಬೇಕಾಗಿಲ್ಲ. ವೀರ್ಯಾಣುವೋ ಅಂಡಾಣುವೋ ಸಿದ್ಧವಾಗುವಾಗ ಮಾತ್ರ ಎರಡೂ ಪ್ರತಿಗಳು ಒಂದಕ್ಕೊಂದು ಒತ್ತಾಗಿ ನಿಂತು ಜೋಡಿಯಾಗಬೇಕು. ಅಲ್ಲಿ ಕೆಲಸ ನಿಲ್ಲುತ್ತದೆ. ಬಲಿಷ್ಠವಾದ ಹೇಸರಗತ್ತೆ ಬಂಜೆಯಾಗಿರುವುದರ ಗುಟ್ಟು ಇದು. ಅಪರೂಪಕ್ಕೊಮ್ಮೆ ಹೆಣ್ಣು ಹೇಸರಗತ್ತೆ ಈದುದುಂಟಾದರೂ ಗಂಡಿನಿಂದ ಸಂತಾನವಾದುದಿಲ್ಲ. ಬೆರಕೆಯ ಪೆಟ್ಟು ಎರಡು ಲಿಂಗಗಳಿಗೂ ಸಮನಾಗಿ ಬೀಳುವುದಿಲ್ಲವೆಂಬ, ಸಸ್ತನಿಗಳಲ್ಲಿ ಗಂಡಿಗೇ ಹೆಚ್ಚೆಂಬ ನಿಯಮವನ್ನು 1922ರಲ್ಲಿ ಪ್ರತಿಪಾದಿಸಿದವರು ಜೆ. ಬಿ. ಎಸ್. ಹಾಲ್ಡೇನ್, 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ, ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಮಹನೀಯರು ಅವರು.

ತಂತುವಿನ ಮಾತನ್ನು ದಾವಣಗೆರೆಗಿಂತ ಚೆನ್ನಾಗಿ ಅರಿತ ಊರು ನಮ್ಮಲ್ಲಿ ಕಡಿಮೆ. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಈ ಊರಿನ ಗಿರಣಿಗಳ ಕಾಲವನ್ನು ಕಂಡವರು ಹತ್ತಿಯನ್ನು ಎಳೆಯ ಉದ್ದದಿಂದ ಅಳೆಯುತ್ತಿದ್ದರು; ಆದರೆ ಹತ್ತಿಯ ವಂಶದಲ್ಲಿಯೂ ಹೇಸರಗತ್ತೆಯ ಪ್ರಶ್ನೆಯೇ ಅಡಗಿದೆ, ಉತ್ತರ ಮಾತ್ರ ಬೇರೆ. ನಮ್ಮ ಜವಾರಿ ಹತ್ತಿಗೆ 26 ವರ್ಣತಂತುಗಳು, ಅಮೆರಿಕದ ಹತ್ತಿಗೆ 52. ಸುಮಾರು ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ, ಹಳೆಯ ಪ್ರಪಂಚದ ಒಂದು ಹತ್ತಿಯೂ ಹೊಸ ಪ್ರಪಂಚದ ಒಂದು ಹತ್ತಿಯೂ ಹೇಗೋ ಕೂಡಿ ಹುಟ್ಟಿದ ಮಿಶ್ರಸಸ್ಯವು ತನ್ನ ತಂತುಗಳನ್ನೆಲ್ಲ ಇಮ್ಮಡಿಗೊಳಿಸಿಕೊಂಡು, ಪ್ರತಿಯೊಂದಕ್ಕೂ ತನ್ನಲ್ಲೇ ಜೊತೆಯನ್ನು ಕಂಡುಕೊಂಡಿತು. ಗಿಡಕ್ಕೆ ಸಾಧ್ಯವಾದ ಈ ಉಪಾಯ ಕುದುರೆಯ ಕುಲಕ್ಕೆ ಎಟುಕಲಿಲ್ಲ. ಇಂಥ 52 ತಂತುಗಳ ಎರಡು ಪ್ರಭೇದಗಳನ್ನೇ ಕೂಡಿಸಿ, ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಉದ್ದನೆಯ ಎಳೆಯ ಹತ್ತಿಯನ್ನು ಪಡೆದರು, ಅದು ಬಂಜೆಯಲ್ಲ. ಹಾಗಿದ್ದರೂ ರೈತನು ಪ್ರತಿವರ್ಷವೂ ಹೊಸ ಬೀಜವನ್ನು ಕೊಳ್ಳಬೇಕಾದುದೇಕೆಂದರೆ, ಮುಂದಿನ ತಲೆಯಲ್ಲಿ ಕೂಡಿದ ಗುಣಗಳು ಚದರಿ, ಒಂದು ಗಿಡದಂತೆ ಇನ್ನೊಂದು ಬರುವುದಿಲ್ಲ. ಹೇಸರಗತ್ತೆಯ ವಂಶ ನಿಲ್ಲುತ್ತದೆ. ವರಲಕ್ಷ್ಮಿಯ ವಂಶ ಬಿಚ್ಚಿಕೊಳ್ಳುತ್ತದೆ.

ಮನುಷ್ಯನ ಕೈವಾಡವಿಲ್ಲದೆಯೂ ಈ ಬೆರಕೆ ನಡೆಯುತ್ತದೆ. ಕೀನ್ಯದಲ್ಲಿ, ಹಳ್ಳಿಯ ದನಗಳ ಹಿಂಡಿನೊಡನೆ ಕೆಲಕಾಲ ಇದ್ದು ಮರಳಿ ಕಾಡು ಸೇರಿದ ಹೆಣ್ಣು ಜೀಬ್ರಾವೊಂದು 2020ರಲ್ಲಿ ಕತ್ತೆಯ ಮೈಯ, ಜೀಬ್ರಾದ ಕಾಲುಗಳ ಮರಿಯೊಡನೆ ಕಾಣಿಸಿಕೊಂಡಿತು. ಅದೇ ದೇಶದ ಲೈಕಿಪಿಯದಲ್ಲಿ ಗ್ರೇವಿ ಗಂಡುಗಳು ಬಯಲು ಜೀಬ್ರಾಗಳೊಡನೆ ಕೂಡಿ ಮರಿಗಳಾಗಿವೆ. ಒಂದಕ್ಕೆ 46, ಇನ್ನೊಂದಕ್ಕೆ 44 ತಂತುಗಳಾದರೂ ಆ ಮರಿಗಳು ಬಂಜೆಯಲ್ಲ. ಮಾರ್ಟನ್ನನ ಕ್ವಾಗಾಕ್ಕೆ ಮಾತ್ರ ಆ ಭಾಗ್ಯವಿರಲಿಲ್ಲ. ಬೇಟೆಗಾರರ ಕೋವಿಗೆ ಸಿಕ್ಕಿ ಅದರ ಕುಲವೇ ಕ್ಷಯಿಸಿ, ಕೊನೆಯದು 1883ರ ಆಗಸ್ಟ್ 12ರಂದು ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು; ರೋಮ್ಯುಲಸನು ಹುಟ್ಟಿದುದು 13 ವರ್ಷಗಳ ತರುವಾಯ ಅದೇ ದಿನದಂದು.

ಒಂದು ಲೆಕ್ಕ ಇನ್ನೂ ತೀರಿಲ್ಲ. ಜೀಬ್ರಾದ ಸಂಪರ್ಕವಿಲ್ಲದ ಮರಿಗಳ ಕಾಲಿಗೆ ಪಟ್ಟೆ ಬಂದುದಾದರೂ ಎಲ್ಲಿಂದ? ನಮ್ಮ ಕಾಠಿಯಾವಾಡದ ಕುದುರೆಗಳಲ್ಲಿ ಪಟ್ಟೆ ಎಷ್ಟು ಸಾಮಾನ್ಯವೆಂದರೆ, ಪಟ್ಟೆಯಿಲ್ಲದ್ದನ್ನು ಶುದ್ಧತಳಿಯೆಂದೇ ಎಣಿಸುತ್ತಿರಲಿಲ್ಲವೆಂಬುದನ್ನು 1859ರ ತನ್ನ ಗ್ರಂಥದಲ್ಲಿ ದಾಖಲಿಸಿದ ಡಾರ್ವಿನ್ನನು, ಕುದುರೆ ಕತ್ತೆ ಜೀಬ್ರಾಗಳೆಲ್ಲಕ್ಕೂ ಮೂಲವಾದ ಪುರಾತನ ಪ್ರಾಣಿಯೊಂದರ ಮೈಯಲ್ಲಿಯೇ ಪಟ್ಟೆಗಳಿದ್ದಿರಬೇಕೆಂದು ತರ್ಕಿಸಿದನು. ಆ ತರ್ಕದಂತೆ, ಮಾರ್ಟನ್ನನ ಮರಿಗಳ ಕಾಲಿನ ಗೆರೆ ಕ್ವಾಗಾ ಬಿಟ್ಟುಹೋದ ಕಳಂಕವಲ್ಲ, ಕುದುರೆಯ ಮನೆಯೊಳಗೇ ಇದ್ದ ಹಳೆಯ ಆಸ್ತಿ.

ಇದನ್ನು ಕಾಣಲು ಕಾಠಿಯಾವಾಡದವರೆಗೆ ಹೋಗಬೇಕಾಗಿಯೂ ಇಲ್ಲ. ಹರಿಹರದ ಹೊಳೆದಂಡೆಯಲ್ಲಿ ಬಟ್ಟೆಯ ಗಂಟು ಇಳಿಸಿದ ಮೇಲೆ ಕಿವಿ ಜೋಲಿಸಿ ನಿಂತ ಕತ್ತೆಯನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದೆನು. ಬೆನ್ನುದ್ದಕ್ಕೆ ಒಂದು ಕಪ್ಪು ಗೆರೆ. ಭುಜದ ಮೇಲೆ ಅದನ್ನು ಅಡ್ಡಲಾಗಿ ದಾಟುವ ಇನ್ನೊಂದು. ಮುಂಗಾಲುಗಳಲ್ಲಿ, ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ತೋರುವ ಮೂರು ನಾಲ್ಕು ಮಸುಕು ಬಳೆಗಳು. ಯಾವ ಜೀಬ್ರಾವನ್ನೂ ಅದು ಕಂಡುದಲ್ಲ. ಅಷ್ಟರಲ್ಲಿ ಒಣಗಿದ ಬಟ್ಟೆಯ ಗಂಟನ್ನು ತಂದು ಅದರ ಬೆನ್ನಿಗೆ ಹೇರಿದರು. ಭುಜದ ಗೆರೆ ಗಂಟಿನಡಿಯಲ್ಲಿ ಮರೆಯಾಯಿತು, ಕಾಲಿನ ಬಳೆಗಳು ದೇವಾಲಯದ ದಾರಿ ಹಿಡಿದು ಮೆಟ್ಟಲೇರಿದುವು.